ನೋವು ಬರಿಸುವ ಔಷಧಿ ಕೊಟ್ಟ ಮೇಲೆ ಪಕ್ಕದಲ್ಲಿ ಯಾರಿರುತ್ತಾರೆ?

ಮಳೆಗಾಲ ಹಿಡಿಯಿತು ಅಂದರೆ ನನಗೆ ಒಂದು ಬಗೆಯ ಫೋನ್ ಕರೆಗಳು ಜಾಸ್ತಿಯಾಗುತ್ತವೆ. ಹೆರಿಗೆ ವಾರ್ಡಿನ ಕೆಲಸದಿಂದ ನಿವೃತ್ತಿಯಾಗಿ ಕೊಡಗಿನ ಸೋಮವಾರಪೇಟೆ ಕಡೆ ಮನೆಯಲ್ಲಿದ್ದೇನೆ. ಆದರೂ ಊರಿನವರಿಗೆ ನಾನು ಇನ್ನೂ ಸಿಸ್ಟರ್. "ಸಿಸ್ಟರ್, ಸೊಸೆಗೆ ಡೇಟ್ ಮುಗೀತು. ನಾಳೆ ಅಡ್ಮಿಟ್ ಆಗಿ, ನೋವು ಬರೋದಕ್ಕೆ ಔಷಧಿ ಕೊಡ್ತೀವಿ ಅಂದಿದ್ದಾರೆ. ಕೊಡಿಸಬಹುದಾ? ಮಗುಗೆ ಏನೂ ಆಗಲ್ಲ ಅಲ್ವಾ?" ಇದು ಒಂದು ಥರ. ಇನ್ನೊಂದು ಇದಕ್ಕೆ ಉಲ್ಟಾ. "ಸಿಸ್ಟರ್, ಇನ್ನೂ ಒಂದು ವಾರ ಇದೆ ಅಂತಾರೆ. ಈ ಮಳೆಯಲ್ಲಿ ರಾತ್ರಿ ನೋವು ಶುರುವಾದ್ರೆ ಗತಿ ಏನು? ಈಗ್ಲೇ ಇಂಜೆಕ್ಷನ್ ಕೊಟ್ಟು ಹೆರಿಗೆ ಮಾಡಿಸೋಕೆ ಆಗಲ್ವಾ?"

ಒಬ್ಬರಿಗೆ ಔಷಧಿ ಅಂದರೆ ಭಯ, ಇನ್ನೊಬ್ಬರಿಗೆ ಅವಸರ. ಇಬ್ಬರಿಗೂ ನಾನು ಹೇಳುವುದು ಹೆಚ್ಚುಕಮ್ಮಿ ಒಂದೇ. ಔಷಧಿ ಯಾವುದು ಅನ್ನುವುದು ಅರ್ಧ ಪ್ರಶ್ನೆ. ಅದನ್ನು ಕೊಟ್ಟ ಮೇಲೆ ತಾಯಿಯ ಪಕ್ಕದಲ್ಲಿ ಯಾರು ಕೂತಿರುತ್ತಾರೆ, ಮಗುವಿನ ಹಾರ್ಟ್‌ಬೀಟ್ ಎಷ್ಟು ಹೊತ್ತಿಗೊಮ್ಮೆ ಕೇಳುತ್ತಾರೆ, ಬೇಕಾದರೆ ಸಿಸೇರಿಯನ್ ಅಲ್ಲೇ ಆಗುತ್ತದಾ, ಇದು ಉಳಿದರ್ಧ. ಜನ ಮೊದಲನೆಯದನ್ನು ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಬಹಳ ಕಡಿಮೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮ ಆಸ್ಪತ್ರೆಗಳಲ್ಲಿ ನೋವು ಬರಿಸಲು ಬಳಸುವುದು ಮುಖ್ಯವಾಗಿ ಮೂರು ಔಷಧಿ. ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿ ಮುಚ್ಚಿದ್ದರೆ ಡೈನೊಪ್ರೊಸ್ಟೋನ್ ಜೆಲ್ ಇಡುತ್ತಾರೆ, ಇಲ್ಲವೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುತ್ತಾರೆ. ಬಾಯಿ ಸ್ವಲ್ಪ ಮೆತ್ತಗಾದ ಮೇಲೆ ಆಕ್ಸಿಟೋಸಿನ್ ಡ್ರಿಪ್. ಬಾಯಿ ಎಷ್ಟು ಸಿದ್ಧವಾಗಿದೆ ಅಂತ ನೋಡಲು ಬಿಷಪ್ ಸ್ಕೋರ್ ಅಂತ ಒಂದು ಲೆಕ್ಕ ಇದೆ. ಎಡ್ವರ್ಡ್ ಬಿಷಪ್ ಅನ್ನುವ ಡಾಕ್ಟರ್ 1964ರಲ್ಲಿ ಹೇಳಿದ್ದು. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳ್ಳಗಾಗಿದೆ, ಮೆತ್ತಗಿದೆಯಾ, ಯಾವ ಕಡೆಗೆ ತಿರುಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ, ಈ ಐದನ್ನೂ ನೋಡಿ ಅಂಕ ಹಾಕುತ್ತಾರೆ. ಅಂಕ 6 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮೊದಲು ಬಾಯಿಯನ್ನು ಹದ ಮಾಡಬೇಕು. ಆ ಹಂತ ಬಿಟ್ಟು ನೇರವಾಗಿ ಡ್ರಿಪ್ ಹಾಕಿದರೆ ತಾಯಿ ಒದ್ದಾಡುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ.

ಆಕ್ಸಿಟೋಸಿನ್ ನಮ್ಮ ಮೈಯಲ್ಲೇ ಇರುವ ವಸ್ತು. ಪಿಟ್ಯುಟರಿ ಗ್ರಂಥಿಯ ಸಾರ ಗರ್ಭಕೋಶವನ್ನು ಹಿಂಡುತ್ತದೆ ಎಂದು 1906ರಲ್ಲಿ ಹೆನ್ರಿ ಡೇಲ್ ಕಂಡುಕೊಂಡರು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಎರಡು ವರ್ಷ ಕಳೆದು ಅವರಿಗೆ ನೊಬೆಲ್ ಬಂತು. ಅಲ್ಲಿಂದೀಚೆಗೆ ಪ್ರಪಂಚದ ಹೆರಿಗೆ ಕೋಣೆಗಳಲ್ಲೆಲ್ಲ ಇದು ಇದೆ. ಇಷ್ಟು ಹಳೆಯ, ಇಷ್ಟು ಪರಿಚಯದ ಔಷಧಿ. ಹಾಗಿದ್ದೂ ಅಮೆರಿಕದಲ್ಲಿ ಔಷಧಿ ಸುರಕ್ಷತೆ ನೋಡುವ ಸಂಸ್ಥೆಯೊಂದು 2007ರಲ್ಲಿ ಆಕ್ಸಿಟೋಸಿನ್ ಡ್ರಿಪ್ಪನ್ನು ಅತಿ ಎಚ್ಚರಿಕೆ ಬೇಕಾದ ಔಷಧಿಗಳ ಪಟ್ಟಿಗೆ ಸೇರಿಸಿತು. ಕೊಡುವುದರಲ್ಲಿ ಸ್ವಲ್ಪ ಎಡವಟ್ಟಾದರೂ ದೊಡ್ಡ ಅನಾಹುತ ಆಗುವ ಔಷಧಿಗಳು ಆ ಪಟ್ಟಿಯಲ್ಲಿರುತ್ತವೆ.

ಯಾಕೆ ಹಾಗೆ ಅಂತ ತಿಳಿಯಬೇಕಾದರೆ ಡ್ರಿಪ್ಪಿನ ಹತ್ತಿರ ನಿಲ್ಲಬೇಕು. 500 ಎಂಎಲ್ ಬಾಟಲಿಗೆ 5 ಯೂನಿಟ್ ಔಷಧಿ ಸೇರಿಸುತ್ತೇವೆ ಅಂತಿಟ್ಟುಕೊಳ್ಳಿ. 20 ಹನಿಗೆ ಒಂದು ಎಂಎಲ್ ಆಗುವ ಸೆಟ್ ಆದರೆ, ನಿಮಿಷಕ್ಕೆ 4 ಹನಿ ಬಿಟ್ಟರೆ ತಾಯಿಗೆ ಹೋಗುವುದು ನಿಮಿಷಕ್ಕೆ 2 ಮಿಲಿಯೂನಿಟ್. ಶುರು ಮಾಡುವುದು ಅಷ್ಟರಿಂದಲೇ. ಆಮೇಲೆ ಅರ್ಧ ಗಂಟೆ ಕಾಯಬೇಕು. ನೋವು ಸಾಲದೆ ಹೋದರೆ ಮಾತ್ರ ಸ್ವಲ್ಪ ಏರಿಸಬೇಕು. ಮತ್ತೆ ಅರ್ಧ ಗಂಟೆ. ಇನ್‌ಫ್ಯೂಷನ್ ಪಂಪ್ ಇದ್ದರೆ ಸಲೀಸು. ಇಲ್ಲದಿದ್ದರೆ ಕೈಯಲ್ಲಿ ಗಡಿಯಾರ ಹಿಡಿದು ಹನಿ ಎಣಿಸಬೇಕು. ತಾಯಿ ಮಗ್ಗುಲು ಬದಲಿಸಿದರೆ, ಕೈ ಮಡಚಿದರೆ, ಹನಿಯ ಲೆಕ್ಕ ಬದಲಾಗುತ್ತದೆ. ನಾಲ್ಕು ಇದ್ದದ್ದು ನೋಡುನೋಡುತ್ತಲೇ ಹನ್ನೆರಡಾಗಬಹುದು. ಆ ಪುಟ್ಟ ಪ್ಲಾಸ್ಟಿಕ್ ಚಕ್ರ ಇದೆಯಲ್ಲ, ಅದನ್ನು ಮನೆಯವರು ತಿರುಗಿಸುವುದೂ ಉಂಟು. "ಎಷ್ಟೊತ್ತಿಂದ ಹೋಗ್ತಾ ಇದೆ, ಬೇಗ ಮುಗೀಲಿ ಅಂತ ಸ್ವಲ್ಪ ಜೋರು ಮಾಡ್ದೆ" ಅಂತ ತುಂಬಾ ಮುಗ್ಧವಾಗಿ ಹೇಳುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಗ್ಲೂಕೋಸ್ ಅಂದುಕೊಂಡು ನೀವು ಜೋರು ಮಾಡಿದ್ದು ಗ್ಲೂಕೋಸ್ ಆಗಿರುವುದಿಲ್ಲ.

ಜೋರಾದರೆ ಏನಾಗುತ್ತದೆ? ಗರ್ಭಕೋಶ ಹಿಂಡುವಾಗ ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಸಡಿಲವಾದಾಗ ಮತ್ತೆ ಸರಿಹೋಗುತ್ತದೆ. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವಿನ ಆ ಬಿಡುವಿನಲ್ಲೇ ಮಗು ಸುಧಾರಿಸಿಕೊಳ್ಳುವುದು. ಮುಳುಗಿ ಈಜುವವನು ನಡುನಡುವೆ ತಲೆ ಮೇಲೆತ್ತಿ ಉಸಿರು ತೆಗೆದುಕೊಳ್ಳುವ ಹಾಗೆ. ಆರೋಗ್ಯವಾಗಿರುವ ಮಗುವಿಗೆ ಇದು ಕಷ್ಟವೇನಲ್ಲ, ಅದಕ್ಕಾಗಿಯೇ ತಯಾರಾಗಿರುತ್ತದೆ. ಬಿಡುವೇ ಸಿಗದೆ ಹೋದರೆ ಮಾತ್ರ ಕಷ್ಟ. ಹತ್ತು ನಿಮಿಷದಲ್ಲಿ ಐದಕ್ಕಿಂತ ಜಾಸ್ತಿ ನೋವು ಬರತೊಡಗಿದರೆ ಅದು ಅತಿಯಾಯಿತು ಅಂತ ಲೆಕ್ಕ.

ಅದನ್ನು ಕಂಡುಹಿಡಿಯಲು ಈಗ ಯಂತ್ರಗಳಿವೆ. ಆದರೆ ನನಗೆ ನನ್ನ ಹಿರಿಯ ಸಿಸ್ಟರ್ ಕಲಿಸಿದ್ದು ಅಂಗೈ ಇಡುವುದು. ಹೊಟ್ಟೆಯ ಮೇಲ್ಭಾಗದಲ್ಲಿ ಕೈ ಒತ್ತದೆ ಸುಮ್ನೆ ಇಡಬೇಕು. ನೋವು ಬರುತ್ತಿದೆ ಅಂತ ತಾಯಿ ಹೇಳುವುದಕ್ಕಿಂತ ಮೊದಲೇ ಕೈಗೆ ಗೊತ್ತಾಗುತ್ತದೆ. ಮೆತ್ತಗಿದ್ದದ್ದು ನಿಧಾನವಾಗಿ ಗಟ್ಟಿಯಾಗುತ್ತದೆ, ಹಣೆಯ ಹಾಗೆ ಕಲ್ಲಾಗುತ್ತದೆ, ನಲವತ್ತು ಸೆಕೆಂಡು ಹಾಗೇ ನಿಂತು ಮತ್ತೆ ಸಡಿಲವಾಗುತ್ತದೆ. ಪೂರ್ತಿ ಸಡಿಲವಾಗಬೇಕು, ಅದು ಮುಖ್ಯ. ಎರಡು ನೋವಿನ ನಡುವೆಯೂ ಹೊಟ್ಟೆ ಬಿಗಿಯಾಗಿಯೇ ಇದ್ದರೆ ಡ್ರಿಪ್ಪಿನ ಚಕ್ರದ ಮೇಲೆ ಕೈ ಹೋಗಬೇಕು. ನೋವು ಇಳಿದ ಕೂಡಲೇ ಡಾಪ್ಲರ್ ಅನ್ನುವ ಪುಟ್ಟ ಯಂತ್ರ ಇಟ್ಟು ಮಗುವಿನ ಹಾರ್ಟ್‌ಬೀಟ್ ಕೇಳಬೇಕು. ನಿಮಿಷಕ್ಕೆ 110ರಿಂದ 160ರ ಒಳಗಿದ್ದರೆ ಸಮಾಧಾನ. ಡ್ರಿಪ್ ಹೋಗುತ್ತಿರುವಾಗ ಹದಿನೈದು ನಿಮಿಷಕ್ಕೊಮ್ಮೆಯಾದರೂ ಇದು ಆಗಬೇಕು. ಹೆರಿಗೆ ಹೇಗೆ ಸಾಗುತ್ತಿದೆ ಅಂತ ಬರೆದಿಡುವ ಪಾರ್ಟೋಗ್ರಾಫ್ ಹಾಳೆಯಲ್ಲಿ ಗುರುತು ಹಾಕಬೇಕು.

ಈಗ ಯೋಚಿಸಿ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಸಿಸ್ಟರ್, ನಾಲ್ಕು ಜನ ನೋವಿನವರು, ನಡುವೆ ಒಂದು ಹೆರಿಗೆ ಆಗಿಯೇಬಿಟ್ಟಿತು. ಆ ಒಂದು ಗಂಟೆ ಉಳಿದ ಮೂವರ ಹೊಟ್ಟೆಯ ಮೇಲೆ ಕೈ ಇಡುವವರು ಯಾರು? ಔಷಧಿಯ ಸುರಕ್ಷತೆ ನಿಂತಿರುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ ಡೋಸಿನ ಮಾತು ಹೇಗಿದೆಯೋ ಹಾಗೇ ಇದೂ ಇದೆ. ಈ ಔಷಧಿಗಳನ್ನು ಪಡೆದ ತಾಯಿಯನ್ನು ಯಾವತ್ತೂ ಒಬ್ಬಳೇ ಬಿಡಬಾರದು, ಸಾಧ್ಯವಿದ್ದಲ್ಲೆಲ್ಲ ಸಿಸೇರಿಯನ್ ಆಗುವ ಜಾಗದಲ್ಲೇ ಇದನ್ನು ಮಾಡಬೇಕು.

ಆಕ್ಸಿಟೋಸಿನ್ನಿಗೆ ಒಂದು ಒಳ್ಳೆಯ ಗುಣ ಇದೆ. ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಅದರ ಜೋರು ಇಳಿಯುತ್ತದೆ. ಚಕ್ರ ಮುಚ್ಚಿ, ತಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ, ಬೇಕಾದರೆ ಗರ್ಭಕೋಶ ಸಡಿಲಿಸುವ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನ ಸಲ ಮಗುವಿನ ಹಾರ್ಟ್‌ಬೀಟ್ ಮತ್ತೆ ದಾರಿಗೆ ಬರುತ್ತದೆ. ನುಂಗಿದ ಮಾತ್ರೆಯನ್ನು ಹೀಗೆ ವಾಪಸ್ ತೆಗೆಯಲು ಆಗುವುದಿಲ್ಲ.

ಆ ಮಾತ್ರೆಯ ಕತೆ ಸ್ವಲ್ಪ ವಿಚಿತ್ರ. ಮಿಸೊಪ್ರೊಸ್ಟಾಲ್ ಬಂದದ್ದು ಹೊಟ್ಟೆಯ ಹುಣ್ಣಿಗೆ. ಅಮೆರಿಕದಲ್ಲಿ 1988ರಲ್ಲಿ ಅನುಮತಿ ಸಿಕ್ಕಿದ್ದೂ ಅದಕ್ಕೇ. ಗರ್ಭಕೋಶವನ್ನು ಹಿಂಡುವ ಅದರ ಗುಣ ಡಾಕ್ಟರುಗಳಿಗೆ ತಿಳಿದು ಹೆರಿಗೆಗೆ ಬಳಸತೊಡಗಿದರು. 2000ದಲ್ಲಿ ಅದನ್ನು ತಯಾರಿಸುತ್ತಿದ್ದ ಸರ್ಲ್ ಕಂಪನಿಯೇ ಗರ್ಭಿಣಿಯರಿಗೆ ಕೊಡಬೇಡಿ ಅಂತ ಡಾಕ್ಟರುಗಳಿಗೆ ಪತ್ರ ಬರೆಯಿತು. ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು ಇದು. ನೋಡಿ ಹೆದರುತ್ತಾರೆ. ಅದು ಅಲ್ಲಿಗೇ ಮುಗಿಯಲಿಲ್ಲ ಅನ್ನುವುದನ್ನೂ ತಿಳಿದಿರಬೇಕು. ಅದಾದ ಮೇಲೆ ಎಷ್ಟೋ ಅಧ್ಯಯನಗಳು ನಡೆದವು. ಸರಿಯಾದ ಪ್ರಮಾಣ ಬಹಳ ಚಿಕ್ಕದು ಅಂತ ಗೊತ್ತಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಹೆರಿಗೆ ಬರಿಸುವುದಕ್ಕೆಂದೇ 25 ಮೈಕ್ರೋಗ್ರಾಂ ಮಾತ್ರೆ ಇದೆ. ನುಂಗಲು ಕೊಟ್ಟರೆ ಎರಡು ಗಂಟೆಗೊಮ್ಮೆ, ಯೋನಿಯೊಳಗಿಟ್ಟರೆ ಆರು ಗಂಟೆಗೊಮ್ಮೆ.

ತೊಂದರೆ ಇದ್ದದ್ದು ಪ್ರಮಾಣದಲ್ಲಿ. ಬಹಳ ಕಾಲ ಕೈಗೆ ಸಿಗುತ್ತಿದ್ದದ್ದು ಹುಣ್ಣಿನ 200 ಮೈಕ್ರೋಗ್ರಾಂ ಮಾತ್ರೆ. ಅದನ್ನು ಬ್ಲೇಡಿನಲ್ಲಿ ಎಂಟು ಚೂರು ಮಾಡಬೇಕಿತ್ತು. ನೀವೇ ಒಂದು ಚಿಕ್ಕ ಮಾತ್ರೆಯನ್ನು ಕತ್ತರಿಸಿ ನೋಡಿ. ಅರ್ಧ ಸರಿಯಾಗಿ ಬರುತ್ತದೆ, ಕಾಲು ಪರವಾಗಿಲ್ಲ. ಎಂಟನೇ ಒಂದು ಭಾಗ ಮಾಡುವಾಗ ಒಂದು ಚೂರು ದಪ್ಪ, ಒಂದು ಪುಡಿ. ದಪ್ಪ ಚೂರು ಸಿಕ್ಕಿದ ತಾಯಿಗೆ ಎಷ್ಟು ಹೋಯಿತು ಅಂತ ಯಾರು ಹೇಳುತ್ತಾರೆ? ಅದಕ್ಕಿಂತ ಇಡೀ ಮಾತ್ರೆಯನ್ನು 200 ಎಂಎಲ್ ನೀರಿನಲ್ಲಿ ಕರಗಿಸಿ, ಚೆನ್ನಾಗಿ ಕಲಕಿ, ಪ್ರತಿ ಸಲ 25 ಎಂಎಲ್ ಕುಡಿಸುವುದು ವಾಸಿ. ಈಗ 25ರ ಮಾತ್ರೆ ನಮ್ಮ ದೇಶದಲ್ಲೂ ಸಿಗುತ್ತದೆ, ಕತ್ತರಿಸುವ ಕೆಲಸವೇ ಇರಬಾರದು. ಇನ್ನೂ ಕತ್ತರಿಸುತ್ತಿದ್ದಾರೆ ಅಂದರೆ ಯಾಕೆ ಅಂತ ಧೈರ್ಯವಾಗಿ ಕೇಳಿ.

ಜೆಲ್ಲಿಗೆ ಫ್ರಿಜ್ ಬೇಕು, ಬೆಲೆ ಜಾಸ್ತಿ. ಅದನ್ನು ಇಟ್ಟ ಮೇಲೆ ಡ್ರಿಪ್ ಶುರು ಮಾಡಲು ಕನಿಷ್ಠ ಆರು ಗಂಟೆ ಕಾಯಬೇಕು. ಒಂದರ ಮೇಲೊಂದು ಬಿದ್ದರೆ ಎರಡರ ಜೋರೂ ಸೇರಿಕೊಳ್ಳುತ್ತದೆ. ಔಷಧಿಯೇ ಬೇಡ ಅನ್ನುವ ಕಡೆ ಬಲೂನ್ ಇದೆ. ಮೂತ್ರಕ್ಕೆ ಹಾಕುವ ಫೋಲಿ ಕ್ಯಾಥೆಟರನ್ನೇ ಗರ್ಭಕೋಶದ ಬಾಯಿಯೊಳಗೆ ದಾಟಿಸಿ, ತುದಿಯ ಬಲೂನಿಗೆ ನೀರು ತುಂಬಿ, ತೊಡೆಗೆ ಟೇಪ್ ಹಾಕುತ್ತಾರೆ. ಗರ್ಭಕೋಶ ಅತಿಯಾಗಿ ಹಿಂಡುವ ಭಯ ಇದರಲ್ಲಿ ಕಡಿಮೆ. ನೋಡಲು ಹಳೇ ಕಾಲದ ಪದ್ಧತಿಯ ಹಾಗೆ ಕಂಡರೂ ನನಗೆ ಇದರ ಮೇಲೆ ತುಂಬಾ ಗೌರವ.

ಹಾಗಾದರೆ ಇಷ್ಟೆಲ್ಲ ರಗಳೆ ಯಾಕೆ, ತಾನಾಗಿ ನೋವು ಬರುವ ತನಕ ಕಾಯಬಾರದಾ ಅಂತ ಕೇಳುತ್ತೀರಿ. ಕಾಯಬಹುದು, ಒಂದು ಮಿತಿಯ ತನಕ. ದಿನ ದಾಟಿದಷ್ಟೂ ಮಾಸು ಹಳತಾಗುತ್ತದೆ, ಮಗುವಿಗೆ ಸಿಗುವುದು ಕಡಿಮೆಯಾಗುತ್ತದೆ. ಸ್ವೀಡನ್ನಿನಲ್ಲಿ ಒಂದು ಅಧ್ಯಯನ ನಡೆಯಿತು. ಅರ್ಧ ಜನರಿಗೆ 41 ವಾರಕ್ಕೆ ನೋವು ಬರಿಸುವುದು, ಉಳಿದವರಿಗೆ 42 ವಾರದ ತನಕ ಕಾಯುವುದು. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವ ಯೋಜನೆ ಇತ್ತು. 2760 ಜನ ಆಗುವಷ್ಟರಲ್ಲೇ ನಿಲ್ಲಿಸಿದರು. ಕಾದವರ ಗುಂಪಿನಲ್ಲಿ ಆರು ಮಕ್ಕಳು ಹೋಗಿದ್ದವು, ಇನ್ನೊಂದು ಗುಂಪಿನಲ್ಲಿ ಒಂದೂ ಇಲ್ಲ. 2019ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಇರುವ ಅನುಕೂಲಗಳ ನಡುವೆಯೂ ಹೀಗಾಯಿತು. 41 ವಾರ ಮುಗಿಯಿತು, ಔಷಧಿ ಕೊಡೋಣ ಅಂತ ಡಾಕ್ಟರ್ ಹೇಳಿದರೆ ಅದರ ಹಿಂದೆ ಇಂಥ ಕಾರಣ ಇರುತ್ತದೆ.

ಬಿಪಿ ಏರಿದವರ ವಿಷಯ ಇನ್ನೂ ಗಟ್ಟಿ. ಕಾಲು ಊತ, ತಲೆನೋವು, ಕಣ್ಣು ಮಂಜು ಅಂತ ಬಂದವಳನ್ನು ಕಾಯಿಸಿದರೆ ಫಿಟ್ಸ್ ಬರಬಹುದು, ತಾಯಿಯೇ ಹೋಗಬಹುದು. ಅವಳಿಗೆ ಹೆರಿಗೆಯೇ ಔಷಧಿ. ನಾಗಪುರದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ ಇದ್ದ 602 ತಾಯಂದಿರ ಮೇಲೆ ನಡೆದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಎರಡು ಗಂಟೆಗೊಮ್ಮೆ 25 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಇನ್ನೊಂದಕ್ಕೆ ಬಲೂನ್. ಒಂದು ದಿನದೊಳಗೆ ನಾರ್ಮಲ್ ಹೆರಿಗೆಯಾದವರು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 57, ಬಲೂನಿನ ಗುಂಪಿನಲ್ಲಿ 47. ಗರ್ಭಕೋಶ ಅತಿಯಾಗಿ ಹಿಂಡಿದ್ದು ಎರಡರಲ್ಲೂ ತೀರಾ ಅಪರೂಪ. ಈ ಅಧ್ಯಯನ ನನಗೆ ಬಹಳ ಹತ್ತಿರದ್ದು. ನಮ್ಮಂಥ ವಾರ್ಡು, ನಮ್ಮಂಥ ತಾಯಂದಿರು. ಚಿಕ್ಕ ಡೋಸ್ ಕೊಟ್ಟು, ಕಣ್ಣಿಟ್ಟು ನೋಡಿಕೊಂಡರೆ ಆ ಮಾತ್ರೆ ಕೆಲಸ ಮಾಡುತ್ತದೆ.

2018ರಲ್ಲಿ ಅಮೆರಿಕದಿಂದ ಇನ್ನೊಂದು ದೊಡ್ಡ ಅಧ್ಯಯನ ಬಂತು. ಚೊಚ್ಚಲ ಹೆರಿಗೆಯ, ಯಾವ ತೊಂದರೆಯೂ ಇಲ್ಲದ ಆರು ಸಾವಿರಕ್ಕೂ ಹೆಚ್ಚು ಜನರಲ್ಲಿ ಒಂದು ಗುಂಪಿಗೆ 39 ವಾರಕ್ಕೇ ನೋವು ಬರಿಸಿದರು. ಸಿಸೇರಿಯನ್ ಜಾಸ್ತಿಯಾಗಲಿಲ್ಲ, ಕಡಿಮೆಯೇ ಆಯಿತು. ಆ ಗುಂಪಿನಲ್ಲಿ ನೂರಕ್ಕೆ 18.6, ಕಾದವರಲ್ಲಿ 22.2. ಔಷಧಿ ಕೊಟ್ಟರೆ ಆಪರೇಷನ್ ಗ್ಯಾರಂಟಿ ಅನ್ನುವ ನಂಬಿಕೆಗೆ ಇದು ಒಳ್ಳೆಯ ಉತ್ತರ. ಆದರೆ ಇದನ್ನು ಹಿಡಿದುಕೊಂಡು "39 ಆಯ್ತಲ್ಲ, ಮಾಡಿಸಿಬಿಡಿ" ಅಂತ ಇಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಮೊದಲ ತಿಂಗಳುಗಳಲ್ಲೇ ಸ್ಕ್ಯಾನ್ ಮಾಡಿ ದಿನ ಗಟ್ಟಿ ಮಾಡಿಕೊಂಡಿದ್ದರು. ಹೆರಿಗೆ ಮುಗಿಯುವ ತನಕ ಯಂತ್ರವೂ ಇತ್ತು, ಮನುಷ್ಯರೂ ಇದ್ದರು.

ನಮ್ಮಲ್ಲಿ ದಿನದ ಲೆಕ್ಕವೇ ಎಷ್ಟೋ ಸಲ ಸಡಿಲ. ತೋಟದ ಲೈನ್ ಮನೆಗಳಿಂದ ಬರುವ ಹೆಂಗಸರನ್ನು ಕೊನೆಯ ಮುಟ್ಟು ಯಾವಾಗ ಅಂತ ಕೇಳಿದರೆ "ಕಾಫಿ ಕುಯ್ಯೋವಾಗ" ಅನ್ನುತ್ತಾರೆ. ಕಾಫಿ ಕೊಯ್ಲು ಎರಡು ಮೂರು ತಿಂಗಳು ನಡೆಯುತ್ತದೆ. ಮೊದಲ ಸ್ಕ್ಯಾನ್ ಎಂಟನೇ ತಿಂಗಳಲ್ಲಿ ಆಗಿದ್ದರೆ ಅದು ಹೇಳುವ ದಿನ ಮೂರು ವಾರ ಆಚೀಚೆ ಆಗಬಹುದು. ದಿನ ದಾಟಿದೆ ಅಂದುಕೊಂಡು ನೋವು ಬರಿಸಿದರೆ, 36 ವಾರದ ಮಗು ಹುಟ್ಟಿ ಉಸಿರಿಗೆ ಒದ್ದಾಡಬಹುದು. ಅದಕ್ಕೇ ಆಶಾ ಕಾರ್ಯಕರ್ತೆಯರು ಮೂರು ತಿಂಗಳೊಳಗೆ ತಾಯಿ ಕಾರ್ಡ್ ಮಾಡಿಸಿ, ಸ್ಕ್ಯಾನ್ ಮಾಡಿಸಿ ಅಂತ ಮನೆಮನೆಗೆ ಅಲೆಯುವುದನ್ನು ಕಂಡರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಒಂಬತ್ತನೇ ತಿಂಗಳ ತೀರ್ಮಾನದ ಸುರಕ್ಷತೆ ಮೂರನೇ ತಿಂಗಳಲ್ಲೇ ತಯಾರಾಗುತ್ತದೆ.

ಮುಹೂರ್ತ ನೋಡಿ ನೋವು ಬರಿಸಿ ಅನ್ನುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಮಾವಾಸ್ಯೆಗೆ ಮುಂಚೆ ಆಗಲಿ, ಇಂಥ ನಕ್ಷತ್ರಕ್ಕೆ ಆಗಲಿ ಅಂತ ಗರ್ಭಕೋಶವನ್ನು ಒತ್ತಾಯಿಸಬಾರದು. ಅಷ್ಟೇ.

ಮಳೆಗೆ ಹೆದರಿ ಕೇಳುವವರನ್ನು ಮಾತ್ರ ಹಾಗೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಕೊಡಗಿನ ಮಳೆ ಕಂಡವರಿಗೆ ಆ ಭಯ ಗೊತ್ತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಕುಸಿದು, ಮಂಗಳೂರು ಕಡೆಯ ದಾರಿಯೇ ಮುಚ್ಚಿಹೋಗಿತ್ತು. ಅಷ್ಟು ದೊಡ್ಡದು ಬೇಡ, ಮಳೆ ಜೋರಿರುವ ಸಾಧಾರಣ ಕಕ್ಕಡ ತಿಂಗಳಲ್ಲೂ ಬಿರುನಾಣಿ, ಶಾಂತಳ್ಳಿ, ಗಾಳಿಬೀಡು, ಭಾಗಮಂಡಲ ಕಡೆ ಒಂದು ಮರ ಅಡ್ಡ ಬಿದ್ದರೆ ಸಾಕು. ಕರೆಂಟಿಲ್ಲ, ಟವರ್ ಇಲ್ಲ, 108ಕ್ಕೆ ಫೋನ್ ಹೋಗುವುದಿಲ್ಲ. ಅಂಥ ಮನೆಯ ಅತ್ತೆ ಮೊದಲೇ ಹೆರಿಗೆ ಮಾಡಿಸಿ ಅಂತ ಕೇಳಿದರೆ ಅದು ಹಟ ಅಲ್ಲ.

ಆದರೂ ನನ್ನ ಉತ್ತರ ಔಷಧಿ ಅಲ್ಲ, ಜಾಗ ಬದಲಿಸುವುದು. 38 ವಾರ ಆಗುತ್ತಿದ್ದಂತೆ ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ಬಂದುಬಿಡಿ. ಮಡಿಕೇರಿಯೋ, ವಿರಾಜಪೇಟೆಯೋ, ಕುಶಾಲನಗರವೋ, ಎಲ್ಲಿ ಯಾರಿದ್ದಾರೋ ಅಲ್ಲಿ. ಚಿಕ್ಕಮ್ಮನ ಮನೆ, ನಾದಿನಿಯ ಮನೆ, ಇದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ನೆಂಟರಿಲ್ಲದವರು ಡಾಕ್ಟರ ಹತ್ತಿರ ದಾರಿಯ ವಿಷಯ ಬಿಡಿಸಿ ಹೇಳಿ. ದಾರಿ ಕೆಟ್ಟದ್ದು ಅನ್ನುವ ಕಾರಣಕ್ಕೆ ಮುಂಚೆಯೇ ಅಡ್ಮಿಟ್ ಮಾಡಿಕೊಂಡದ್ದನ್ನು ನಾನು ನೋಡಿದ್ದೇನೆ. ದಿನ ತುಂಬಿ, ಲೆಕ್ಕ ಖಚಿತವಿದ್ದು, ಬಾಯಿಯೂ ಹದವಾಗಿದ್ದರೆ ದಾರಿಯ ಕಷ್ಟವನ್ನೂ ಸೇರಿಸಿ ಡಾಕ್ಟರ್ ಒಂದು ತೀರ್ಮಾನಕ್ಕೆ ಬರಬಹುದು. ಅದು ಅವರು ಪರೀಕ್ಷೆ ಮಾಡಿ ಹೇಳಬೇಕಾದ್ದು.

ನೋವು ಬರಿಸುವ ಕೆಲಸವನ್ನು ಎಲ್ಲಿ ಮಾಡಿಸಬೇಕು ಅನ್ನುವುದರಲ್ಲಿ ನಾನು ಸ್ವಲ್ಪ ಖಡಕ್ಕು. ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರ್, ರಕ್ತ, ಈ ಮೂರೂ ಇರುವ ಕಡೆ. ಜಿಲ್ಲಾ ಕೇಂದ್ರದಲ್ಲಿ ಈಗ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿಂದಾಚೆಗೆ ಮೈಸೂರಿಗೆ ಕಳಿಸಬೇಕೆಂದರೆ ನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಮಗುವಿನ ಹಾರ್ಟ್‌ಬೀಟ್ ಬಿದ್ದಾಗ ಕೈಯಲ್ಲಿರುವುದು ನಿಮಿಷಗಳ ಲೆಕ್ಕ. ಆನೆಕಾಡಿನ ತಿರುವುಗಳಲ್ಲಿ ಆಂಬುಲೆನ್ಸ್ ಎಷ್ಟು ಜೋರು ಹೋಗುತ್ತದೆ?

ಇದಕ್ಕಿಂತ ಕೆಟ್ಟದ್ದು ಒಂದಿದೆ. ಹೆರಿಗೆಗೆ ಮುಂಚೆ ಆಕ್ಸಿಟೋಸಿನ್ನನ್ನು ಸೊಂಟಕ್ಕೋ ತೋಳಿಗೋ ಇಂಜೆಕ್ಷನ್ ಚುಚ್ಚುವುದು. "ಒಂದು ಇಂಜೆಕ್ಷನ್ ಕೊಟ್ರು, ಅರ್ಧ ಗಂಟೆಯಲ್ಲಿ ಮಗು ಆಯ್ತು" ಅಂತ ಹಿಂದೆಲ್ಲ ಹೊಗಳುತ್ತಿದ್ದರು. ಡ್ರಿಪ್ಪನ್ನು ನಿಲ್ಲಿಸಬಹುದು, ಮಾಂಸಕ್ಕೆ ಹೋದದ್ದನ್ನು ನಿಲ್ಲಿಸಲಾಗದು. ಗರ್ಭಕೋಶ ಹರಿದ ತಾಯಂದಿರ ಕತೆಗಳಲ್ಲಿ ಇಂಥ ಇಂಜೆಕ್ಷನ್ ಇರುತ್ತಿತ್ತು. ಮನೆಗೆ ಬಂದು ಯಾರಾದರೂ ನೋವು ಜೋರಾಗಲಿ ಅಂತ ಇಂಜೆಕ್ಷನ್ ಕೊಡುತ್ತೇನೆ ಅಂದರೆ ಬಾಗಿಲಿನಿಂದಲೇ ಕಳಿಸಿ.

ಅದೇ ಇಂಜೆಕ್ಷನ್ ಮಗು ಹೊರಗೆ ಬಂದ ಮೇಲೆ ಜೀವ ಉಳಿಸುತ್ತದೆ. ಹೆರಿಗೆಯಾದ ಕೂಡಲೇ 10 ಯೂನಿಟ್ ಕೊಟ್ಟರೆ ಗರ್ಭಕೋಶ ಬಿಗಿದು ರಕ್ತಸ್ರಾವ ನಿಲ್ಲುತ್ತದೆ. ಅದನ್ನು ಬೇಡ ಅನ್ನಬೇಡಿ. ಗಂಟೆಗಟ್ಟಲೆ ಡ್ರಿಪ್ ಪಡೆದ ತಾಯಿಯ ಗರ್ಭಕೋಶ ಕೊನೆಗೆ ಸುಸ್ತಾಗಿ ಸಡಿಲ ಬೀಳುವ ಸಾಧ್ಯತೆ ಇರುವುದರಿಂದ ಹೆರಿಗೆ ಆದ ಮೇಲೂ ಅವಳ ಮೇಲೆ ಜಾಸ್ತಿ ಕಣ್ಣಿಡಬೇಕು. 2018ರಲ್ಲಿ ಈ ಔಷಧಿಗೇ ಕುತ್ತು ಬಂದಿತ್ತು. ಹಾಲಿಗಾಗಿ ಹಸು ಎಮ್ಮೆಗಳಿಗೆ ಚುಚ್ಚುತ್ತಾರೆ ಅನ್ನುವ ಕಾರಣಕ್ಕೆ, ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಇದನ್ನು ತಯಾರಿಸಬಾರದು ಅಂತ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಇಡೀ ದೇಶಕ್ಕೆ ಪೂರೈಸುವ ಹೊಣೆ ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕೆಎಪಿಎಲ್ ಮೇಲೆ ಬಿತ್ತು. ಕೊರತೆಯಾದರೆ ಬಾಣಂತಿಯರ ಗತಿ ಏನು ಅಂತ ಹಲವರು ಕೋರ್ಟಿಗೆ ಹೋದರು. ಆ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು. ಒಳ್ಳೆಯದೇ ಆಯಿತು.

ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಬಾಣಂತಿಯರು ಸತ್ತ ಮೇಲೆ ಡ್ರಿಪ್ ಅಂದರೇ ಜನ ಬೆಚ್ಚುತ್ತಾರೆ. ಅಲ್ಲಿ ಅನುಮಾನ ಬಂದದ್ದು ಸಿಸೇರಿಯನ್ ಸಮಯದಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ, ನೋವು ಬರಿಸುವ ಔಷಧಿಯ ಮೇಲಲ್ಲ. ಆದರೆ ಜನರ ಭಯ ಸುಳ್ಳು ಅಂತ ನಾನು ಹೇಳಲಾರೆ. ಕೈಗೆ ಏರಿಸುತ್ತಿರುವುದು ಏನು ಅಂತ ಕೇಳುವುದು ತಾಯಿಯ ಹಕ್ಕು.

ಆ ಹಕ್ಕು ಎಲ್ಲರಿಗೂ ಒಂದೇ ಥರ ಸಿಗುವುದಿಲ್ಲ ಅನ್ನುವುದು ನನಗೆ ಅತಿ ನೋವಿನ ವಿಷಯ. ಓದಿದವಳು, ಕಾರಿನಲ್ಲಿ ಬಂದವಳು ನಾಲ್ಕು ಪ್ರಶ್ನೆ ಕೇಳುತ್ತಾಳೆ, ಉತ್ತರ ಪಡೆಯುತ್ತಾಳೆ. ಇಲ್ಲಿನ ಆದಿವಾಸಿ ಎರವರ ಹುಡುಗಿ ಕೇಳುವುದಿಲ್ಲ. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವಳಿಗೆ ಕನ್ನಡವೇ ಬರುವುದಿಲ್ಲ. ಅವಳಿಗೆ ಮಾತ್ರೆ ಕೈಗಿಟ್ಟು "ನುಂಗು" ಅಂದರೆ ನುಂಗುತ್ತಾಳೆ. ಎರಡು ಗಂಟೆ ಕಳೆದು ಹೊಟ್ಟೆ ಒಡೆದುಹೋಗುವಂಥ ನೋವು ಬಂದಾಗ, ಯಾಕೆ ಬಂತು ಅಂತ ಅವಳಿಗೆ ಗೊತ್ತಿರುವುದಿಲ್ಲ. ಔಷಧಿಯಿಂದ ಬರುವ ನೋವು ಒಮ್ಮೆಲೇ ಜೋರಾಗಬಹುದು, ಇಷ್ಟು ಹೊತ್ತು ಹಿಡಿಯಬಹುದು, ಹೀಗೆ ಅನ್ನಿಸಿದರೆ ಕೂಗು ಅಂತ ಮೊದಲೇ ಹೇಳಿದ್ದರೆ ಅವಳು ಅರ್ಧದಷ್ಟೂ ಹೆದರುತ್ತಿರಲಿಲ್ಲ. ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ 2016ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಅವಳ ಭಾಷೆ ಬಲ್ಲ ಒಬ್ಬಳನ್ನು ಒಳಗೆ ಬಿಟ್ಟರೆ, ನೋವು ಬಿಡುವಿಲ್ಲದೆ ಬರುತ್ತಿದೆ ಅಂತ ಓಡಿಬಂದು ಹೇಳುವವಳು ಅವಳೇ. ಕಡಿಮೆ ಸಿಸ್ಟರುಗಳಿರುವ ವಾರ್ಡಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಹೊರಗೆ ಕಾಯುವವರಿಗೂ ಒಂದು ಮಾತು. ಚೊಚ್ಚಲಿಗೆ ಬೆಳಿಗ್ಗೆ ಔಷಧಿ ಕೊಟ್ಟರೆ ಸಂಜೆಗೆ ಮಗು ಆಗಬೇಕು ಅಂತೇನಿಲ್ಲ. ಒಂದು ದಿನ ಹಿಡಿಯಬಹುದು, ಅದಕ್ಕಿಂತ ಜಾಸ್ತಿಯೂ ಆಗಬಹುದು. ನೀವು ಬಾಗಿಲಲ್ಲಿ ನಿಂತು "ಇನ್ನೂ ಆಗಿಲ್ವಾ" ಅಂತ ಗಲಾಟೆ ಮಾಡಿದಾಗ ಒಳಗೆ ಹನಿ ಜೋರಾಗುವ ಅಪಾಯ ಇದೆ. ಔಷಧಿ ಕೊಟ್ಟೂ ಬಾಯಿ ತೆರೆಯದೆ ಸಿಸೇರಿಯನ್ ಆದರೆ ಅದು ಯಾರ ಸೋಲೂ ಅಲ್ಲ. ಕೆಲವರು ಹರಳೆಣ್ಣೆ ಕುಡಿಸಿ ಮನೆಯಲ್ಲೇ ನೋವು ಬರಿಸಲು ನೋಡುತ್ತಾರೆ. ಅದರಿಂದ ಭೇದಿ ಗ್ಯಾರಂಟಿ, ಸುಸ್ತು ಗ್ಯಾರಂಟಿ. ಆಮೇಲೆ ನಿಜವಾದ ನೋವಿಗೆ ಅವಳ ಹತ್ತಿರ ಶಕ್ತಿ ಉಳಿಯುವುದಿಲ್ಲ.

ಇತ್ತೀಚೆಗೆ ಓದಿದ ಹುಡುಗಿಯರು ಕೇಳುವ ಪ್ರಶ್ನೆ ಬೇರೆ. ಔಷಧಿಯಿಂದ ಹುಟ್ಟಿದ ಮಗುವಿಗೆ ಆಟಿಸಂ ಬರುತ್ತದಂತೆ, ಹೌದಾ? 2013ರಲ್ಲಿ ಅಮೆರಿಕದ ಒಂದು ಅಧ್ಯಯನ ಅಂಥ ನಂಟು ಇರಬಹುದು ಅಂದಿತ್ತು. 2016ರಲ್ಲಿ ಸ್ವೀಡನ್ನಿನ 13 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿ, ಒಂದೇ ತಾಯಿಯ ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸಿದಾಗ ಆ ನಂಟು ಕಾಣಲಿಲ್ಲ. ಈ ಭಯದಿಂದ ಔಷಧಿ ಬೇಡ ಅನ್ನಬೇಡಿ.

ಕೊನೆಯದಾಗಿ, ಮೊದಲ ಹೆರಿಗೆ ಸಿಸೇರಿಯನ್ ಆದವರ ವಿಷಯ. ಇದನ್ನು ಗಮನವಿಟ್ಟು ಓದಿ. ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಹರಿಯುವ ಅಪಾಯ ಈ ಔಷಧಿಗಳಿಂದ ಏರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕ 2001ರಲ್ಲಿ ಬಂತು. ತಾನಾಗಿ ನೋವು ಬಂದವರಲ್ಲಿ ಸಾವಿರಕ್ಕೆ 5.2 ಜನರಿಗೆ ಗರ್ಭಕೋಶ ಹರಿದಿತ್ತು. ಜೆಲ್, ಮಾತ್ರೆಯ ಜಾತಿಯ ಔಷಧಿ ಬಳಸದೆ ಬೇರೆ ರೀತಿಯಲ್ಲಿ ನೋವು ಬರಿಸಿದವರಲ್ಲಿ 7.7. ಆ ಜಾತಿಯ ಔಷಧಿ ಕೊಟ್ಟವರಲ್ಲಿ 24.5. ಹೊಲಿಗೆ ಇರುವವರಿಗೆ ಮಿಸೊಪ್ರೊಸ್ಟಾಲ್ ಕೊಡಬಾರದು ಅನ್ನುವುದು ಇದಕ್ಕೇ. ಹರಿದರೆ ನೋವು ಒಮ್ಮೆಲೇ ನಿಂತಂತಾಗುತ್ತದೆ, ತಾಯಿ ಬೆವರುತ್ತಾಳೆ, ನಾಡಿ ಓಡುತ್ತದೆ, ಮಗುವಿನ ಹಾರ್ಟ್‌ಬೀಟ್ ಸಿಗುವುದಿಲ್ಲ.

ಹೊಟ್ಟೆಯ ಮೇಲಿನ ಗೆರೆ ಕೆಲವರಲ್ಲಿ ಕಾಣದಷ್ಟು ಮಾಸಿರುತ್ತದೆ. ಗೆರೆ ಕಂಡರೂ ಒಳಗೆ ಹೇಗೆ ಕೊಯ್ದಿದ್ದರು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ಮೊದಲ ಹೆರಿಗೆ ಮೈಸೂರಿನಲ್ಲೋ ಕೇರಳದಲ್ಲೋ ಆಗಿ, ಎರಡನೆಯದಕ್ಕೆ ಇಲ್ಲಿಗೆ ಬಂದವರು ಆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನು ಹುಡುಕಿ ತಾಯಿ ಕಾರ್ಡಿನ ಜೊತೆ ಪಿನ್ ಮಾಡಿ ಇಡಿ. ಕಾಗದ ಕಳೆದಿದ್ದರೆ ಅಲ್ಲಿಗೆ ಫೋನ್ ಮಾಡಿ ಇನ್ನೊಂದು ಪ್ರತಿ ತರಿಸಿಕೊಳ್ಳಿ. ವಾರ್ಡಿನಲ್ಲಿ ಪಾಳಿ ಬದಲಾದಾಗಲೆಲ್ಲ, ಹೊಸ ಸಿಸ್ಟರ್ ಕೇಳಲಿ ಬಿಡಲಿ, "ನನಗೆ ಮೊದಲನೇದು ಆಪರೇಷನ್ ಆಗಿದೆ" ಅಂತ ಬಾಯಿಬಿಟ್ಟು ಹೇಳಿ.